ಎಡಗಾಲಿಗೆ ಕೆಲಸವಿಲ್ಲದ ಕಾರು

ಗಲ್ಫಿನಿಂದ ಬಂದವರು ಗುಂಡ್ಲುಪೇಟೆ ಬಸ್ ನಿಲ್ದಾಣದಲ್ಲಿ ಸೂಟ್‌ಕೇಸಿನ ಮೇಲೆ ಕುಳಿತು ಹೇಳುವ ಕಾರಿನ ಕಥೆ ಸಾಮಾನ್ಯವಾಗಿ ಒಂದೇ. ಅಲ್ಲಿ ಕಾರು ತಾನಾಗಿಯೇ ಓಡುತ್ತದಂತೆ. ಗೇರು ತಾನಾಗಿಯೇ ಬೀಳುತ್ತದಂತೆ. ಕ್ಲಚ್ಚು ಎಂಬುದೇ ಇಲ್ಲವಂತೆ. ಡ್ರೈವರು ಎಸಿ ಗಾಳಿ ಕುಡಿಯುತ್ತ ಸುಮ್ಮನೆ ಕೂತಿದ್ದರೆ ಸಾಕಂತೆ. ಕೇಳುವವರು ಬಾಯಿ ಬಿಟ್ಟುಕೊಂಡು ಕೇಳುತ್ತಾರೆ, ಪ್ರಶ್ನೆ ಹಾಕುವವರಿಲ್ಲ. ನನ್ನ ಆಕ್ಷೇಪ ಸರಳ. ಹೀಗೆ ಹೇಳುವವರಲ್ಲಿ ಬಹುಪಾಲು ಜನ ಆ ಕಾರುಗಳಲ್ಲಿ ಕುಳಿತದ್ದು ಹಿಂದಿನ ಸೀಟಿನಲ್ಲಿ. ಹಿಂದೆ ಕುಳಿತವರಿಗೆ ನಮ್ಮೂರಿನ ಎತ್ತಿನ ಗಾಡಿಯೂ ತಾನಾಗಿಯೇ ಓಡುತ್ತದೆ.

ನಾನು ಅಂಥ ಒಂದು ಕಾರನ್ನು ಓಡಿಸಿ ಬಂದಿದ್ದೇನೆ. ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಂಡು ಬಂದವಳಲ್ಲ. ಸ್ಟೀರಿಂಗು ಹಿಡಿದು ಒಂದು ಬೆಟ್ಟ ಹತ್ತಿಸಿ ಇಳಿಸಿದವಳು. ಈ ಬರಹವನ್ನು ಪ್ರತ್ಯಕ್ಷ ಸಾಕ್ಷಿಯ ಹೇಳಿಕೆ ಎಂದು ದಾಖಲಿಸಿಕೊಳ್ಳಬಹುದು.

ಹರದನಹಳ್ಳಿ

ಹೊರಡುವ ಮುಂಚಿನದನ್ನು ಹೇಳದೆ ಮುಂದೆ ಹೋದರೆ ವಾದಕ್ಕೆ ಬುಡವಿರುವುದಿಲ್ಲ.

ನಮ್ಮಪ್ಪ ಮಾದಪ್ಪ ಲಾರಿ ಡ್ರೈವರು. ಚಾಮರಾಜನಗರದಲ್ಲಿ ಅರಿಸಿನ ತುಂಬಿಕೊಂಡು, ಪುಣಜನೂರು ದಾಟಿ ಕಾಡು ಹೊಕ್ಕು, ದಿಂಬಂ ಘಾಟಿಯ ಇಪ್ಪತ್ತೇಳು ತಿರುವು ಇಳಿದು ಈರೋಡಿನ ಮಂಡಿಗೆ ಮುಟ್ಟಿಸುವುದು ನಾನು ಹುಟ್ಟುವ ಮೊದಲಿನಿಂದಲೂ ಅವನ ಕೆಲಸ. ಅವನ ಅಂಗಿ ಒಗೆದ ನೀರು ಇವತ್ತಿಗೂ ಹಳದಿ. ನಾನು ಡ್ರೈವಿಂಗು ಕಲಿತದ್ದೂ ಅವನಿಂದಲೇ, ಅವನ ಲಾರಿ ಯಜಮಾನರ ಹಳೆಯ ಜೀಪಿನಲ್ಲಿ, ಕಿವಿ ಹಿಂಡಿಸಿಕೊಂಡು.

ಆ ದಾರಿಯ ಅರಿಸಿನ ಲಾರಿಯವರಲ್ಲಿ ಒಂದು ಪದ್ಧತಿ ಇದೆ. ಘಾಟಿ ಇಳಿದು ಬಣ್ಣಾರಿಯಲ್ಲಿ ಲಾರಿ ನಿಲ್ಲಿಸಿದ ಕೂಡಲೇ, ಮೊದಲೇ ಬಂದು ಟೀ ಕುಡಿಯುತ್ತ ಕುಳಿತ ಇನ್ನೊಬ್ಬ ಡ್ರೈವರು ಎದ್ದು ಬಂದು ನಿಮ್ಮ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿಯುತ್ತಾನೆ. ಕಾವು ಕಡಿಮೆ ಇದ್ದರೆ ನೀವು ಗೇರಿನ ಬಲದಲ್ಲಿ ಇಳಿದಿದ್ದೀರಿ. ಟೀ ಅವನ ಲೆಕ್ಕದ್ದು. ಸುಡುತ್ತಿದ್ದರೆ ನೀವು ಬ್ರೇಕು ತಬ್ಬಿಕೊಂಡು ಇಳಿದಿದ್ದೀರಿ. ಟೀ ನೀವು ಕೊಡಿಸಬೇಕು, ಈರೋಡಿನವರೆಗೂ ಗೇಲಿ ಕೇಳಬೇಕು. ನಮ್ಮಪ್ಪ ಬಣ್ಣಾರಿಯಲ್ಲಿ ಟೀ ಕೊಡಿಸಿದ್ದನ್ನು ಕಂಡವರಿಲ್ಲ. ಇದನ್ನು ಹೇಳುವಾಗ ನನಗೆ ಜಂಬ ಬರುತ್ತದೆ, ಬರಲಿ.

ಹೋದ ವರ್ಷ ಅವನ ಎಡ ಮಂಡಿ ಕೈಕೊಟ್ಟಿತು. ಲಾರಿಯ ಕ್ಲಚ್ಚು ತುಳಿದು ತುಳಿದು ಒಳಗೆ ಸವೆದುಹೋಗಿದೆ, ಇನ್ನು ಕ್ಲಚ್ಚಿರುವ ಗಾಡಿ ಹತ್ತಬೇಡಿ ಎಂದರು ಡಾಕ್ಟರು. ಬಲಗಾಲು ಕಬ್ಬಿಣದ ಹಾಗಿದೆ, ಕಣ್ಣು ಹದ್ದಿನದು. ಆದರೂ ಅಪ್ಪ ಜಗಲಿ ಹಿಡಿದ. ಮನೆ ಮುಂದಿನ ರಸ್ತೆಯಲ್ಲಿ ಹೋಗುವ ಲಾರಿಗಳ ಸದ್ದು ಕೇಳಿ, ತಪ್ಪು ಗೇರಿನಲ್ಲಿ ಎಳೆಯುತ್ತಿರುವ ಡ್ರೈವರುಗಳನ್ನು ಬೈಯುವುದೇ ಅವನಿಗೆ ಉದ್ಯೋಗವಾಯಿತು.

ಅವನ ಯಜಮಾನರು ಗುಂಡ್ಲುಪೇಟೆಯ ಅರಿಸಿನ ವ್ಯಾಪಾರಿ ನಂಜುಂಡಪ್ಪನವರು. ಅವರು ಬಂಡೀಪುರದ ಈಚೆಗೆ ಪ್ರವಾಸಿಗರಿಗಾಗಿ ಕೆಲವು ಕೋಣೆ ಕಟ್ಟಿಸಿ, ದೊಡ್ಡದೊಂದು ಆಟೊಮ್ಯಾಟಿಕ್ ಗಾಡಿ ಕೊಂಡು, ಅದನ್ನು ನೇರ ನಮ್ಮ ಮನೆ ಮುಂದೆ ತಂದು ನಿಲ್ಲಿಸಿದರು.

"ಮಾದಪ್ಪ, ಇದ್ಕೆ ಕ್ಲಚ್ಚೇ ಇಲ್ಲ ಕಣ. ನಿನ್ ಮಂಡಿಗೆ ಅಂತಲೇ ಮಾಡ್ದಂಗದೆ. ಬಂದೋರ್ನ ಕಾಡ್ ಸುತ್ತಸ್ಕಂಡು ಬಾ, ಸಂಜೆ ಗೇಟ್ ಮುಚ್ಚಾದ್ರೊಳಗೆ ಮನೆಗೆ ಬಾ."

ಅಪ್ಪ ಕೀಲಿಯನ್ನು ಮುಟ್ಟಲೇ ಇಲ್ಲ. "ಗೇರ್ ಆಕ್ದೆ ಓಡ್ಸಾದು ಡ್ರೈವಿಂಗ್ ಅಲ್ಲ ಬುಡಿ ಸಾವ್ಕಾರ್ರೆ. ಅದು ತೊಟ್ಲು ತೂಗಾದು. ಅದ್ಕೆ ನಾನ್ಯಾಕೆ, ಯಾವಳಾರ ಅಜ್ಜೀನ ಕರ್ಕೊಳಿ."

ಆಗ ನಾನು ಪೂರ್ತಿ ಅಪ್ಪನ ಕಡೆ. ಕೌಶಲವನ್ನು ಯಂತ್ರಕ್ಕೆ ಬಿಟ್ಟುಕೊಟ್ಟ ಮೇಲೆ ಮನುಷ್ಯ ಬರೀ ಸಾಮಾನು ಎಂದು ನಂಜುಂಡಪ್ಪನವರಿಗೆ ಜಗಲಿಯ ಮೇಲೇ ಭಾಷಣ ಮಾಡಿದೆ. ಅವರು ತಾಳ್ಮೆಯಿಂದ ಕೇಳಿ, "ಆಯ್ತು ಕಣವ್ವ. ನೀ ಫಾರಿನ್ನಿಂದ ಬರಗಂಟ ಕಾಯ್ತೀನಿ. ಆಮೇಕೂ ಇಂಗೇ ಅಂದ್ರೆ ಮೈಸೂರಿಂದ ಯಾರ್ನಾರ ಕರುಸ್ಕತೀನಿ" ಎಂದು ಎದ್ದರು.

ಅಲ್ ಐನ್, ಚಹಾದಂಗಡಿಯ ಮುಂದೆ

ನಾನು ಹೋದದ್ದು ನಸೀಮಾಳ ಮನೆಗೆ. ಚಾಮರಾಜನಗರದ ಕಾಲೇಜಿನಲ್ಲಿ ನಾವಿಬ್ಬರೂ ಚರ್ಚಾಸ್ಪರ್ಧೆಯ ಜೋಡಿ. ಒಂದು ಕಾಲೇಜಿನಿಂದ ಇಬ್ಬರು ಹೋಗಬೇಕು, ಒಬ್ಬರು ವಿಷಯದ ಪರ, ಒಬ್ಬರು ವಿರೋಧ. ಅವಳು ಯಾವಾಗಲೂ ಪರ, ನಾನು ಯಾವಾಗಲೂ ವಿರೋಧ. ವೇದಿಕೆಯ ಮೇಲೆ ಒಬ್ಬರನ್ನೊಬ್ಬರು ಹರಿದುಹಾಕಿ, ಗೆದ್ದ ಷೀಲ್ಡನ್ನು ತೊಡೆಯ ಮೇಲಿಟ್ಟುಕೊಂಡು ಒಂದೇ ಸೀಟಿನಲ್ಲಿ ಬಸ್ಸಿನಲ್ಲಿ ಬರುತ್ತಿದ್ದೆವು. ಅವಳು ಮದುವೆಯಾಗಿ ಎಮಿರೇಟ್ಸಿನ ಅಲ್ ಐನ್ ಸೇರಿದಳು; ನಾನು ಕೋರ್ಟಿನಲ್ಲಿ ಜೂನಿಯರ್ ವಕೀಲೆಯಾದೆ. "ನಮ್ಮೆಜಮಾನ್ರು ಏನಂದ್ರೂ ಹೂಂ ಅಂತಾರೆ ಕಣೆ ಭಾಗ್ಯ, ಜಗಳಕ್ಕೆ ಜನ ಇಲ್ಲ, ಬಾರೆ" ಎಂದು ಫೋನಿನಲ್ಲಿ ಕರೆದಳು. ಅಂಥ ಕರೆಯನ್ನು ನಾನು ತಳ್ಳಿಹಾಕುವವಳಲ್ಲ.

ಮರಳುಗಾಡು ಎಂದುಕೊಂಡು ಹೋದವಳಿಗೆ ಅಲ್ ಐನ್ ತೋರಿಸಿದ್ದು ಖರ್ಜೂರದ ತೋಟ, ಹುಲ್ಲು, ಮತ್ತು ಹೆಜ್ಜೆಹೆಜ್ಜೆಗೂ ವೃತ್ತಗಳು. ವೃತ್ತದಲ್ಲಿ ಈಗಾಗಲೇ ಸುತ್ತುತ್ತಿರುವವನಿಗೆ ದಾರಿ ಬಿಡಬೇಕಂತೆ, ಬಿಡುತ್ತಾರೆ ಕೂಡ. ನಮ್ಮಲ್ಲಿ ಯಾರ ಬಂಪರು ಮೊದಲು ಒಳಗೆ ಬಂತೋ ಅವನದು ವೃತ್ತ. ಹಾರ್ನಂತೂ ಇಲ್ಲವೇ ಇಲ್ಲ. ಬಂದ ಮರುದಿನ ಅದನ್ನೇ ಹೊಗಳುತ್ತಿದ್ದೆ, ಅಷ್ಟರಲ್ಲಿ ನಸೀಮಾಳ ಗಂಡ ಇರ್ಫಾನ್ ತನ್ನ ಪಿಕಪ್ಪನ್ನು ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿ ಪೇಂ ಪೇಂ ಎಂದು ಬಾರಿಸಿದ. ಪಕ್ಕದಲ್ಲಿ ನಿಂತ ದೊಡ್ಡ ಕಾರೂ ಬಾರಿಸಿತು. ಅದರ ಪಕ್ಕದ್ದೂ.

"ಏನಿದು, ಯಾರಿಗೆ ಏನಾಯ್ತು?" ಎಂದೆ.

"ಟೀ ಬೇಕಾಗಿದೆ ಲಾಯರಮ್ಮ," ಎಂದ ಇರ್ಫಾನ್. "ಇಲ್ಲಿ ಯಾರೂ ಇಳಿಯಲ್ಲ. ಹಾರ್ನ್ ಹೊಡೆದ್ರೆ ಟೀನೇ ಬರ್ತದೆ."

ಜೀವ ಹೋಗುವ ತಿರುವಿನಲ್ಲಿ ಹಾರ್ನು ಮಾಡುವುದು ಒರಟುತನ, ಚಹಾದವನ ಕಿವಿಯ ಹತ್ತಿರ ಮಾಡುವುದು ನಾಗರಿಕತೆ. ಬಣ್ಣಾರಿಯಲ್ಲಿ ಯಾರಾದರೂ ಲಾರಿಯೊಳಗಿಂದಲೇ ಹಾರ್ನು ಮಾಡಿ ಟೀ ಕೇಳಿದರೆ ಟೀ ಮುಖದ ಮೇಲೇ ಬರುತ್ತದೆ. ಅಂಗಡಿಯವನು ವಯನಾಡಿನ ಮಲಯಾಳಿ. ನಾನು ಯಾವ ಊರೆಂದು ವಿಚಾರಿಸಿ, "ಗುಂಡಲ್‌ಪೇಟ ಹತ್ತಿರವಾ? ಓಣಂಗೆ ನಮಗೆ ಹೂ ಬರೋದು ನಿಮ್ಮೂರಿಂದಲೇ ಅಲ್ಲವಾ" ಎಂದ. ಹೂ ಬೆಳೆದವಳು ನಾನೇ ಎನ್ನುವ ಹಾಗೆ ತಲೆಯಾಡಿಸಿದೆ.

ಇರ್ಫಾನನ ಅಂಗಡಿಯ ಅಂಗಳ

ಇರ್ಫಾನನ ಅಪ್ಪ ಚಾಮರಾಜನಗರದಲ್ಲಿ ಲಾರಿ, ಬಸ್ಸುಗಳ ಸೀಟಿಗೆ ರೆಕ್ಸಿನ್ ಹೊಲಿಯುವವರು. ನಮ್ಮಪ್ಪ ಕೂರುತ್ತಿದ್ದ ಸೀಟೂ ಅವರ ಕೈಯದೇ. ಮಗ ಇಲ್ಲಿ ಸ್ಪೋರ್ಟ್ಸ್ ಕಾರುಗಳ ಸೀಟಿಗೆ ಚರ್ಮ ಹೊಲಿಯುತ್ತಾನೆ. "ಸೂಜಿ ಅದೇ, ಕೂರೋರು ಬೇರೆ" ಎನ್ನುತ್ತಾನೆ.

ಅವತ್ತು ಅವನ ಅಂಗಡಿಯ ಅಂಗಳದಲ್ಲಿ ಹುಣಸೆಹಣ್ಣಿನ ಬಣ್ಣದ ಕಾರೊಂದು ನಿಂತಿತ್ತು. ಎತ್ತರ ನನ್ನ ಸೊಂಟಕ್ಕಿಂತ ವಸಿ ಮೇಲೆ. ಅದರ ಒಡತಿ ಹೆಸ್ಸಾ ಮೇಡಂ, ಹೆಣ್ಣುಮಕ್ಕಳ ಕಾಲೇಜಿನಲ್ಲಿ ಭೂಗೋಳ ಹೇಳಿಕೊಡುವವರು. ನಲವತ್ತು ದಾಟಿದ ಹೆಂಗಸು, ಕಪ್ಪು ನಿಲುವಂಗಿ, ದಪ್ಪ ಕನ್ನಡಕ, ಕೈಯಲ್ಲಿ ಚಹಾದ ಕಾಗದದ ಲೋಟ. ಸಿನಿಮಾ ನೋಡಿ ಕಲಿತ ಹಿಂದಿ ಸರಾಗವಾಗಿ ಬರುತ್ತಿತ್ತು. ಅಲ್ಲಿನ ಹೆಂಗಸರು ಮನೆ ಬಿಟ್ಟು ಹೊರಗೆ ಬರುವುದಿಲ್ಲ ಎಂದು ನನಗೆ ಹೇಳಿ ಕಳಿಸಿದ್ದ ಮಹನೀಯರು ಯಾರು ಯಾರು ಎಂದು ನಾನು ಮನಸ್ಸಿನಲ್ಲೇ ಪಟ್ಟಿ ಮಾಡಿಕೊಂಡೆ.

ಕಾರಿನೊಳಗೆ ಇಣುಕಿದರೆ ಪೆಡಲು ಎರಡೇ. ನನ್ನ ನಾಲಿಗೆ ಸುಮ್ಮನಿರಲಿಲ್ಲ.

"ಕ್ಲಚ್ಚಿಲ್ಲದ ಮೇಲೆ ಇದು ತಾನಾಗಿಯೇ ಓಡುವ ಕಾರು ಅಂತಾಯಿತು. ಇದನ್ನು ಓಡಿಸಿದೆ ಅಂತ ಹೇಳಿಕೊಳ್ಳುವುದರಲ್ಲಿ ಏನು ಹೆಮ್ಮೆ?"

ನಸೀಮಾ ನನ್ನ ಸೆರಗಿನ ತುದಿ ಎಳೆದಳು. ಇರ್ಫಾನ್ ಗೋಡೆ ನೋಡಿದ. ಹೆಸ್ಸಾ ಮೇಡಂ ಕನ್ನಡಕ ಸರಿಮಾಡಿಕೊಂಡು, "ಲೈಸೆನ್ಸ್ ಇದೆಯಾ?" ಎಂದರು.

ಇತ್ತು. ಹೊರದೇಶದಲ್ಲಿ ಓಡಿಸುವ ಪರವಾನಗಿಯನ್ನು ಚಾಮರಾಜನಗರದಲ್ಲೇ ಮಾಡಿಸಿಕೊಂಡು ಹೋಗಿದ್ದೆ. ಓಡಿಸಬೇಕೆಂದಲ್ಲ, ನಿನಗೇಕೆ ಅದು ಎಂದು ಸಾರಿಗೆ ಕಚೇರಿಯ ಗುಮಾಸ್ತರು ಕೇಳಿದ್ದರು, ಅದಕ್ಕೆ.

"ಹಾಗಾದರೆ ಅಂಗಳದಲ್ಲಿ ಒಂದು ಸುತ್ತು ಹಾಕು," ಎಂದು ಅವರು ಪಕ್ಕದ ಸೀಟಿನಲ್ಲಿ ಕುಳಿತೇಬಿಟ್ಟರು, ಚಹಾ ಸಮೇತ.

ಸೀಟು ಚಾಪೆಯ ಮೇಲೆ ಊಟಕ್ಕೆ ಕೂತಷ್ಟು ತಗ್ಗಿನಲ್ಲಿತ್ತು. ಸ್ಟೀರಿಂಗು ಎಡಕ್ಕೆ. ಗೇರಿನ ಕೋಲನ್ನು ಡಿ ಎಂಬ ಅಕ್ಷರಕ್ಕೆ ಎಳೆದೆ, ಕಾರು ಬೆಕ್ಕಿನಂತೆ ಸರಿಯಿತು. ಗೋಡೆ ಹತ್ತಿರ ಬಂತು, ನಿಧಾನ ಮಾಡಬೇಕು. ನಿಧಾನ ಎಂದರೆ ನನ್ನ ಎಡಗಾಲಿಗೆ ಗೊತ್ತಿರುವುದು ಒಂದೇ: ಕ್ಲಚ್ಚನ್ನು ತಳ ಮುಟ್ಟುವಂತೆ ತುಳಿ. ಜೀಪಿನ ಕ್ಲಚ್ಚು ತುಳಿಯುವ ಬಲವನ್ನೆಲ್ಲ ಹಾಕಿ ತುಳಿದೆ. ಅಲ್ಲಿದ್ದದ್ದು ಬ್ರೇಕು.

ಕಾರು ನೆಲಕ್ಕೆ ಮೊಳೆ ಹೊಡೆದಂತೆ ನಿಂತಿತು. ಹೆಸ್ಸಾ ಮೇಡಂ ಕೈಯಲ್ಲಿದ್ದ ಚಹಾ ಮಾತ್ರ ನಿಲ್ಲಲಿಲ್ಲ. ಅರ್ಧ ಅವರ ನಿಲುವಂಗಿಗೆ, ಅರ್ಧ ಇರ್ಫಾನ್ ಹಿಂದಿನ ದಿನವಷ್ಟೇ ಹೊಲಿದಿದ್ದ ಸೀಟಿಗೆ.

"ಅಯ್ಯೋ ಲಾಯರಮ್ಮ, ನಿಮ್ಮಪ್ಪಂಗೆ ಹೇಳ್ಬುಡ್ತೀನಿ," ಎನ್ನುತ್ತ ಇರ್ಫಾನ್ ಬಟ್ಟೆ ಹಿಡಿದು ಓಡಿಬಂದ.

ಮೇಡಂ ಕನ್ನಡಕದ ಮೇಲಿನ ಹನಿ ಒರೆಸಿಕೊಂಡು ನಿಧಾನವಾಗಿ ಕೇಳಿದರು: "ತಾನಾಗಿಯೇ ಓಡುತ್ತದೆ ಅಂದೆ. ಈಗ ತಾನಾಗಿಯೇ ನಿಂತಿತೇ?"

ನಸೀಮಾ ಚಪ್ಪಾಳೆ ತಟ್ಟಿದಳು. "ಸಂಜೆ ಬೆಟ್ಟಕ್ಕೆ ಹೋಗೋಣ," ಎಂದರು ಮೇಡಂ, "ಚಹಾ ಇಲ್ಲದೆ."

ಜಬೆಲ್ ಹಫೀತ್, ಹತ್ತುವಾಗ

ಊರಿನ ಪಕ್ಕದಲ್ಲೇ ಜಬೆಲ್ ಹಫೀತ್ ಎಂಬ ಬೋಳುಬೆಟ್ಟವಿದೆ. ಒಂದು ಮರವಿಲ್ಲ, ಒಂದು ಕೋತಿಯಿಲ್ಲ. ರಸ್ತೆ ಮಾತ್ರ ನಮ್ಮ ಮೂರು ಲಾರಿ ಒಟ್ಟಿಗೆ ಹೋಗುವಷ್ಟು ಅಗಲ, ಉದ್ದಕ್ಕೂ ದೀಪದ ಕಂಬ. ದಿಂಬಂನಲ್ಲಿ ಎದುರಿನ ಲಾರಿ ತಿರುವು ಮುಗಿಸುವವರೆಗೆ ನಾವು ಕಲ್ಲಿಗೆ ಒರಗಿ ಕಾಯಬೇಕು. ಆನೆ ಬಂದರೆ ಅದು ಹೋಗುವವರೆಗೂ. ಇಲ್ಲಿ ಕಾಯುವ ಕೆಲಸವೇ ಇಲ್ಲ. ಬುಡದಲ್ಲಿ ಇರ್ಫಾನ್ ಪಿಕಪ್ಪಿನೊಂದಿಗೆ ನಿಂತ. ಹಿಂದಿನ ಸೀಟೆಂಬ ಗೂಡಿನಲ್ಲಿ ನಸೀಮಾ ಮಂಡಿಗೆ ಗದ್ದ ತಾಗಿಸಿಕೊಂಡು ಕುಳಿತಳು. ನಾನು ಎಡಗಾಲನ್ನು ಮೂಲೆಯ ಆಸರೆಗೆ ಒತ್ತಿಟ್ಟು, ಅಲ್ಲೇ ಇರು ಎಂದು ಅಪ್ಪಣೆ ಕೊಟ್ಟೆ.

ಕಾರಿನಲ್ಲಿ ಓಡಿಕೆಯ ರೀತಿಗಳು ಬೇರೆಬೇರೆ, ಒಂದೊಂದಕ್ಕೂ ಒಂದೊಂದು ಗುಂಡಿ. ಮೊದಲು ಕಂಫರ್ಟ್. ಇದರಲ್ಲಿ ಗೇರುಪೆಟ್ಟಿಗೆ ಮಧ್ಯಾಹ್ನ ಉಂಡು ಮಲಗಿದ ಮನುಷ್ಯನ ಹಾಗೆ. ಅವಸರ ಅವಸರವಾಗಿ ಮೇಲಿನ ಗೇರಿಗೆ ಹೋಗಿ, ಎಂಜಿನ್ನನ್ನು ಪಿಸುಮಾತಿಗಿಳಿಸಿ, ಪೆಟ್ರೋಲು ಉಳಿಸಿದೆನೆಂದು ತೃಪ್ತಿಯಿಂದ ಕೂತುಬಿಡುತ್ತದೆ. ಏರು ಬಂತು, ಕಾಲು ಒತ್ತಿದೆ. ಅದು ಒಂದು ಗಳಿಗೆ ಯೋಚಿಸಿತು. ಆಮೇಲೆ ಧಡಕ್ಕನೆ ಎಚ್ಚರವಾಗಿ ಕೆಳಗಿನ ಗೇರಿಗೆ ಬಿದ್ದು ನೆಗೆಯಿತು. ಹಿಂದಿನಿಂದ ನಸೀಮಾ, "ಏನಮ್ಮಿ, ಕೊಂದ್ಬುಟ್ಟೀಯ" ಎಂದಳು.

"ನೋಡಿದಿರಾ," ಎಂದೆ ಮೇಡಂಗೆ, "ನಾನು ಹೇಳಿದ್ದು ಇದನ್ನೇ. ನಾನು ಅರ್ಜಿ ಹಾಕುತ್ತೇನೆ, ಅದು ತೀರ್ಮಾನ ಮಾಡುತ್ತದೆ."

ಅವರು ಕೈ ಚಾಚಿ ಸ್ಪೋರ್ಟ್ ಗುಂಡಿ ಒತ್ತಿದರು.

ಕಾರು ಸೊಂಟ ಬಿಗಿದುಕೊಂಡಿತು. ಈ ಮಾತು ಅಲಂಕಾರಕ್ಕಲ್ಲ; ಚಕ್ರದ ಕೆಳಗಿನ ಬಿಳಿ ಗೆರೆಯ ದಪ್ಪ ಸೀಟಿಗೆ ಗೊತ್ತಾಗತೊಡಗಿತು. ಪೆಡಲಿಗೆ ಕಾಲು ತಾಗಿಸಿದರೆ ಸಾಕು, ಉತ್ತರ ಬರುತ್ತಿತ್ತು. ಗೇರು ಮೇಲೇರಲು ಅವಸರ ಪಡದೆ ಎಂಜಿನ್ನು ಹಾಡುವವರೆಗೂ ಹಿಡಿದುಕೊಂಡಿರುತ್ತಿತ್ತು. ತಿರುವು ಬಂತು, ಬ್ರೇಕು ಒತ್ತಿದೆ. ಆಗ ಕಾರು ತಾನೇ ಕೆಳಗಿನ ಗೇರಿಗೆ ಇಳಿಯಿತು, ಇಳಿಯುವ ಮುಂಚೆ ಘರ್ ಎಂದು ಒಮ್ಮೆ ಎಂಜಿನ್ನನ್ನು ಏರಿಸಿತು.

ಆ ಘರ್ ನನಗೆ ಗೊತ್ತು. ಇಳಿಯುವ ಗೇರಿಗೂ ಎಂಜಿನ್ನಿಗೂ ವೇಗ ಹೊಂದಲೆಂದು ಅಪ್ಪ ಕ್ಲಚ್ಚನ್ನು ಎರಡು ಸಲ ತುಳಿದು ನಡುವೆ ಎಕ್ಸಿಲೇಟರಿಗೆ ಕೊಡುತ್ತಿದ್ದ ಒದೆ ಅದು. ನಾನು ಜೀಪಿನಲ್ಲಿ ಅದನ್ನು ಕಲಿಯಲು ಒಂದು ಬೇಸಿಗೆ ಪೂರ್ತಿ ಬೈಸಿಕೊಂಡಿದ್ದೆ. ಯಾರೋ ಎಲ್ಲೋ ಕುಳಿತು ಅಪ್ಪನ ಕಾಲನ್ನು ನೋಡಿ ಇದರೊಳಗೆ ಇಟ್ಟಂತಿತ್ತು. ಮೊದಲು ಕೋಪ ಬಂತು, ಆಮೇಲೆ ಹೆಮ್ಮೆ. ಕಬ್ಬಿಣಕ್ಕೂ ಕೊನೆಗೆ ಅದೇ ಕೆಲಸ ಮಾಡದೆ ವಿಧಿಯಿಲ್ಲ ಎಂದಾದರೆ ಅಪ್ಪ ಮಾಡುತ್ತಿದ್ದದ್ದು ಸರಿಯಾಗಿತ್ತು ಎಂದೇ ಅರ್ಥ.

ಸ್ಪೋರ್ಟ್ ಪ್ಲಸ್ ಎಂಬ ಇನ್ನೊಂದಿದೆ. ಅದರಲ್ಲಿ ಪ್ರತಿ ಗೇರಿಗೂ ಬೆನ್ನಿಗೊಂದು ಗುದ್ದು. ಜರ್ಕಿಲ್ಲದೆ ಗೇರು ಬದಲಿಸಬಲ್ಲ ಯಂತ್ರ ಬೇಕೆಂದೇ ಜರ್ಕು ಹೊಡೆಯುವುದು ಶುದ್ಧ ತೋರಿಕೆ ಎಂದು ನಾನು ಹೇಳಿದೆ. ಮೇಡಂ ಒಪ್ಪಿದರು. "ನನ್ನ ತಮ್ಮಂದಿರಿಗೆ ಅದೇ ಇಷ್ಟ," ಎಂದರು. ಗಂಡುಹುಡುಗರ ವಿಷಯದಲ್ಲಿ ಎರಡು ದೇಶಗಳ ನಡುವೆ ತಕರಾರಿಲ್ಲ.

ಕೊನೆಗೆ ಎಂ ಎಂಬ ಅಕ್ಷರಕ್ಕೆ ಕೋಲು ಸರಿಸಿದೆ. ಇನ್ನು ಗೇರು ನನ್ನ ಕೈಯಲ್ಲಿ. ಸ್ಟೀರಿಂಗಿನ ಹಿಂದೆ ಎರಡು ಕಿವಿಗಳಂಥ ಪಟ್ಟಿಗಳಿವೆ. ಬಲಗಿವಿ ಎಳೆದರೆ ಮೇಲಿನ ಗೇರು, ಎಡಗಿವಿ ಎಳೆದರೆ ಕೆಳಗಿನದು. ಎಳೆದೆ. ಬಿತ್ತು. ಎಷ್ಟು ಬೇಗ ಎಂದರೆ ನನಗೆ ಏನೋ ಕಳೆದುಹೋಯಿತು ಅನ್ನಿಸಿತು. ಲಾರಿಯಲ್ಲಿ ಒಂದು ಗೇರು ಬಿಟ್ಟು ಇನ್ನೊಂದು ಸಿಗುವ ನಡುವೆ ಒಂದು ಸಂದು ಇರುತ್ತದೆ. ಆ ಸಂದಿನಲ್ಲಿ ಲಾರಿ ಯಾರದೂ ಅಲ್ಲ, ಇಳಿಜಾರಿನದು. ಕ್ಲೀನರು ಉಸಿರು ಹಿಡಿಯುತ್ತಾನೆ. ಅಪ್ಪನ ದೊಡ್ಡಸ್ತಿಕೆಯೆಲ್ಲ ಆ ಸಂದನ್ನು ಚಿಕ್ಕದು ಮಾಡುವುದರಲ್ಲಿತ್ತು. ಈ ಕಾರಿನಲ್ಲಿ ಸಂದೇ ಇಲ್ಲ.

"ಒಳಗೆ ಕ್ಲಚ್ಚಿಲ್ಲ ಅಂದವರು ಯಾರು?" ಎಂದರು ಮೇಡಂ. "ಎರಡಿವೆ. ಒಂದು ಈ ಗೇರನ್ನು ಹಿಡಿದಿರುವಾಗ ಇನ್ನೊಂದು ಮುಂದಿನದನ್ನು ಹಿಡಿದು ಸಿದ್ಧವಾಗಿರುತ್ತದೆ."

ಅರಿಸಿನದ ಮಂಡಿಯಲ್ಲಿ ಮೂಟೆ ಏರಿಸುವವರು ನೆನಪಾದರು. ಮೇಲಿನವನ ಕೈ ಮೂಟೆಯ ಅಡಿಗೆ ಬಂದ ಮೇಲಷ್ಟೇ ಕೆಳಗಿನವನು ಕೈ ಬಿಡುತ್ತಾನೆ, ಮೂಟೆ ಒಂದು ಕ್ಷಣವೂ ಗಾಳಿಯಲ್ಲಿರುವುದಿಲ್ಲ. ಅದನ್ನು ಹಿಂದಿಯಲ್ಲಿ ಹೇಗೋ ಹೇಳಿದೆ. "ಹೌದು, ಹಾಗೇ," ಎಂದು ಅವರು ಕೈಯಲ್ಲೇ ಒಂದು ಮೂಟೆ ಏರಿಸಿ ತೋರಿಸಿದರು.

ಮುಂದಿನ ತಿರುವಿನಲ್ಲಿ ಜಂಬಕ್ಕೆ ಎಡಗಿವಿಯನ್ನು ಎರಡು ಸಲ ಎಳೆದೆ. ವೇಗ ಇನ್ನೂ ಹೆಚ್ಚಿತ್ತು. ಕಾರು ಒಂದು ಗೇರು ಇಳಿಯಿತು, ಎರಡನೆಯದಕ್ಕೆ ಟಿಣ್ ಎಂದು ಸದ್ದು ಮಾಡಿ ಇಳಿಯಲೊಲ್ಲೆ ಎಂದಿತು. ಸಭಾಧ್ಯಕ್ಷರು ಗಂಟೆ ಬಾರಿಸಿ ಮಾತು ತಡೆದ ಹಾಗೆ. ಅದು ಮಾಡಿದ್ದು ಸರಿ. ಇಳಿಸಿದ್ದರೆ ಎಂಜಿನ್ನು ಕಿರುಚಿಕೊಳ್ಳುತ್ತಿತ್ತು.

"ಸೋತ್ಯಲ್ಲೇ," ಎಂದಳು ನಸೀಮಾ.

"ಸೋಲಿಲ್ಲ ಕಣೆ. ಎದುರಾಳಿ ಸಿಕ್ಕಿದೆ."

ಆಮೇಲಿನ ತಿರುವುಗಳಲ್ಲಿ ನಾನು ಕಿವಿಯಿಂದ ಓಡಿಸಿದೆ, ಅಪ್ಪ ಕಲಿಸಿದ ಹಾಗೆ. ಎಂಜಿನ್ನಿನ ದನಿ ಎಲ್ಲಿ ದಪ್ಪವಾಗುತ್ತದೆ, ಎಲ್ಲಿ ಸಣ್ಣಗಾಗುತ್ತದೆ, ತಿರುವಿಗೆ ಮುಂಚೆ ಯಾವುದು ಕೈಯಲ್ಲಿರಬೇಕು. ಒಂದು ಸಲವೂ ಟಿಣ್ ಎನ್ನಲಿಲ್ಲ. ತುದಿಗೆ ಬಂದಾಗ ಮೇಡಂ, "ಎಂಜಿನ್ನಿನ ವೇಗ ತೋರಿಸುವ ಮುಳ್ಳು ನೋಡದೆ ಗೇರು ಹಾಕುತ್ತೀಯಲ್ಲ, ಯಾರು ಕಲಿಸಿದ್ದು?" ಎಂದರು. ಹೇಳಿದೆ. ಅವನ ಮಂಡಿಯ ವಿಷಯವನ್ನೂ, ಮುಟ್ಟದೆ ಬಿಟ್ಟ ಕೀಲಿಯ ವಿಷಯವನ್ನೂ.

ಜಬೆಲ್ ಹಫೀತ್, ಇಳಿಯುವಾಗ

ಇಳಿಯುವಾಗ ಮತ್ತೆ ಕಂಫರ್ಟ್ ಹಾಕಲು ಹೇಳಿದರು, ಹಿಂದಿನ ಗೂಡಿನಲ್ಲಿ ಕುಲುಕಿಹೋಗಿದ್ದ ನಸೀಮಾಳ ಮೇಲಿನ ಕನಿಕರದಿಂದ. ಕಾರು ಮೇಲಿನ ಗೇರಿನಲ್ಲಿ ಹಗುರಾಗಿ ಜಾರತೊಡಗಿತು. ತಿರುವಿಗೊಂದು ಬ್ರೇಕು, ಮತ್ತೊಂದಕ್ಕೆ ಮತ್ತೊಂದು. ನನಗೆ ತಡೆಯಲಾಗಲಿಲ್ಲ. ಎಂ ಗೆ ಸರಿಸಿ ಎಡಗಿವಿ ಎಳೆದೆ, ಮತ್ತೊಮ್ಮೆ ಎಳೆದೆ. ಎಂಜಿನ್ನು ಗುರ್ ಎನ್ನುತ್ತ ಕಾರನ್ನು ಹಿಂದಿನಿಂದ ಹಿಡಿದುಕೊಂಡಿತು. ಬ್ರೇಕಿನಿಂದ ಕಾಲು ತೆಗೆದೆ.

"ಬ್ರೇಕು ಯಾಕೆ ಬೇಡ? ದೊಡ್ಡ ದೊಡ್ಡ ಬ್ರೇಕು ಇವೆ ಇದಕ್ಕೆ," ಎಂದರು ಮೇಡಂ.

"ದೊಡ್ಡದಿದೆ ಅಂತ ಖರ್ಚು ಮಾಡಬೇಕಾ?" ಎಂದು ಕೇಳಿದೆ.

ಒಂದೇ ಗೇರಿನಲ್ಲಿ, ತಿರುವಿನಿಂದ ತಿರುವಿಗೆ, ಕಾರು ಹಗ್ಗ ಹಿಡಿದು ಬಾವಿಗೆ ಇಳಿದಂತೆ ಇಳಿಯಿತು. ಕಾಲಿಗೆ ಕೆಲಸವಿಲ್ಲ, ನಿಜ. ಆದರೆ ಯಾವ ಗೇರು, ಯಾವ ಗಳಿಗೆಯಲ್ಲಿ ಎಂಬುದನ್ನು ಆ ಕಾರು ನನ್ನಿಂದ ಕಸಿದುಕೊಂಡಿರಲಿಲ್ಲ. ಅದನ್ನು ತೀರ್ಮಾನಿಸುವುದಕ್ಕೆ ಬೇಕಾದದ್ದು ಕಿವಿ, ಕಣ್ಣು, ಮತ್ತು ಘಾಟಿಯ ಭಯ. ಮೂರೂ ನನ್ನ ಹತ್ತಿರ ಇದ್ದವು, ಮೂರೂ ಅಪ್ಪನವು.

ಬುಡಕ್ಕೆ ಬಂದು ನಿಲ್ಲಿಸಿ, ಇಳಿದು, ಮುಂದಿನ ಚಕ್ರದ ಕಡ್ಡಿಗಳ ಹತ್ತಿರ ಅಂಗೈ ಹಿಡಿದೆ. ಮುಟ್ಟಲಿಲ್ಲ. ಕಾವಿತ್ತು, ಒಲೆಯ ಕಾವಲ್ಲ, ಮುದ್ದೆ ಹಾಕಿದ ತಟ್ಟೆಯ ಕಾವು. ಇರ್ಫಾನ್ ದೂರದಿಂದ ನೋಡಿ ನಕ್ಕ. ಅವನಿಗೆ ಗೊತ್ತು, ಅವನ ಅಪ್ಪನ ಅಂಗಡಿಯ ಮುಂದೆ ಈ ಕಥೆಗಳನ್ನು ಕೇಳಿಕೊಂಡೇ ಬೆಳೆದವನು. ಓಡಿಬಂದು ತಾನೂ ಅಂಗೈ ಹಿಡಿದ.

"ತಣ್ಣಗದೆ ಲಾಯರಮ್ಮ. ಟೀ ನಂದು."

ಏನಿದೆಂದು ಮೇಡಂ ಕೇಳಿದರು. ನಸೀಮಾ ಬಣ್ಣಾರಿಯ ಪದ್ಧತಿಯನ್ನು ಪೂರ್ತಿ ವಿವರಿಸಿದಳು. ಪರ ಮಾತಾಡುವುದರಲ್ಲಿ ಅವಳನ್ನು ಮೀರಿಸಿದವರಿಲ್ಲ. ಹೆಸ್ಸಾ ಮೇಡಂ ನಿಲುವಂಗಿಯ ತೋಳು ಮೇಲೆ ಸರಿಸಿ, ಬಗ್ಗಿ, ತಮ್ಮ ಕಾರಿನ ಚಕ್ರದ ಹತ್ತಿರ ಬಹಳ ಹೊತ್ತು ಅಂಗೈ ಹಿಡಿದು ನಿಂತರು. ಅಷ್ಟರಲ್ಲಿ ಇನ್ನೊಂದು ಸ್ಪೋರ್ಟ್ಸ್ ಕಾರು ಇಳಿದುಬಂದು ಪಕ್ಕದಲ್ಲಿ ನಿಂತಿತು, ಸುಟ್ಟ ಬ್ರೇಕಿನ ವಾಸನೆಯ ಸಮೇತ. ಒಳಗೆ ಇಬ್ಬರು ಹುಡುಗರು. ಮೇಡಂ ನೇರ ಹೋಗಿ ಅವರ ಚಕ್ರದ ಹತ್ತಿರ ಅಂಗೈ ಹಿಡಿದು, ಪಾಠ ಹೇಳುವ ದನಿಯಲ್ಲಿ ಅರಬ್ಬಿಯಲ್ಲಿ ಏನೋ ಅಂದರು. ಹುಡುಗರು ಪೆಚ್ಚಾಗಿ ನಕ್ಕರು. ಆಮೇಲೆ ಆ ಹುಡುಗರೇ ನಮ್ಮೆಲ್ಲರಿಗೂ ಟೀ ಕೊಡಿಸಿದರು, ಹಾರ್ನು ಬಾರಿಸಿಯೇ.

ಅರಿಸಿನದ ಲಾರಿಯವರ ಪದ್ಧತಿಯೊಂದು ಮರಳುಗಾಡಿನ ಬೆಟ್ಟದ ಬುಡದಲ್ಲಿ ಜಾರಿಗೆ ಬಂದುದನ್ನು ನಾನು ಕಣ್ಣಾರೆ ಕಂಡೆ. ಆ ಟೀ ಕುಡಿಯುವಾಗ ನನ್ನ ತಲೆ ಎಷ್ಟು ಎತ್ತರದಲ್ಲಿತ್ತು ಎಂದು ಕೇಳಬೇಡಿ.

ಮತ್ತೆ ಹರದನಹಳ್ಳಿ

ನಾನು ಬಂದ ಸುದ್ದಿ ತಿಳಿದು ನಂಜುಂಡಪ್ಪನವರು ಮರುದಿನ ಬೆಳಿಗ್ಗೆಯೇ ಗುಂಡ್ಲುಪೇಟೆಯಿಂದ ಬಂದರು. ಗಾಡಿ ಮನೆ ಮುಂದೆ ನಿಂತಿತು. ಕೀಲಿ ಜಗಲಿಯ ಮೇಲೆ, ಕಾಫಿ ಲೋಟದ ಪಕ್ಕ. ಅಪ್ಪ ಗೋಡೆಗೆ ಒರಗಿ ಎಡಗಾಲು ನೀಡಿಕೊಂಡು ಕುಳಿತಿದ್ದ.

"ಏನವ್ವ ಭಾಗ್ಯ, ನೀನಾರ ಯೋಳು ನಿಮ್ಮಪ್ಪುಂಗೆ."

"ಅವ್ಳೇನ್ ಯೋಳಾಳು, ಅವ್ಳು ನನ್ ಕಡೆಯವ್ಳು," ಎಂದ ಅಪ್ಪ.

"ಈ ಸಲ ವಿರೋಧ ಕಣಪ್ಪ," ಎಂದೆ.

ಅಪ್ಪ ನನ್ನನ್ನು ಮೇಲಿಂದ ಕೆಳಗೆ ನೋಡಿದ. ನಾನು ಎಲ್ಲವನ್ನೂ ಹೇಳಿದೆ. ಚಹಾ ಚೆಲ್ಲಿದ್ದನ್ನೂ ಬಿಡಲಿಲ್ಲ. ಅವನು ಕೇಳದವನ ಹಾಗೆ ರಸ್ತೆ ನೋಡುತ್ತ, ಕೇಳಬೇಕಾದ ಕಡೆಯೆಲ್ಲ ಕೇಳಿದ.

"ಏರ್ಬೇಕಾರೆ ಯಾವ್ ಗೇರು?"

"ಎರಡು, ಮೂರು. ತಿರುವಿಗೆ ಮುಂಚೇನೇ ಇಳಿಸ್ಕತಿದ್ದೆ."

"ಕ್ಲಚ್ಚಿಲ್ದೆ ಅದೆಂಗಮ್ಮಿ ಎಂಜಿನ್ ಏರ್ಸುದೆ?"

"ಅದೇ ಏರ್ಸ್ಕತದೆ. ನೀ ಒದೀತಿದ್ದಂಗೆ ಘರ್ ಅಂತದೆ."

ಅಪ್ಪನ ಬಲಗಾಲಿನ ಪಾದ ನೆಲದ ಮೇಲೆ ಒಂದು ಸಲ ಒತ್ತಿ ಬಿಟ್ಟಿತು. ಅದು ಅವನ ಗಮನಕ್ಕೆ ಬಂದಂತೆ ಕಾಣಲಿಲ್ಲ.

"ಬ್ರೇಕು?"

"ಇರ್ಫಾನ್ ಅಂಗೈ ಹಿಡ್ದು, ಟೀ ನಂದು ಅಂದ."

ಅಪ್ಪನ ಮುಖದಲ್ಲಿ ನಗು ಬಂದು ಮೀಸೆಯೊಳಗೇ ಉಳಿಯಿತು. "ನನ್ ಮಗ್ಳು," ಎಂದ ನಂಜುಂಡಪ್ಪನವರಿಗೆ. ಅವರಿಗೆ ಧೈರ್ಯ ಬಂತು. "ಈ ಗಾಡೀಲೂ ಗೇರ್ ಕೈಲಾಕಾದು ಅದೆ ಕಣ ಮಾದಪ್ಪ. ಕೋಲ್ನ ಪಕ್ಕುಕ್ ತಳ್ಳುದ್ರೆ ಆಯ್ತು. ಓಗನ ಬಾ, ಪುಣಜನೂರ್ ಗೇಟ್‌ಗಂಟ ಓಡ್ಸ್ ನೋಡು."

ನಗು ಹೋಯಿತು. "ಇವ್ಳು ವಯಸ್ನೋಳು, ಆಟಕ್ ಓಡ್ಸುದ್ಲು. ನಂದು ಆಟ ಅಲ್ಲ ಸಾವ್ಕಾರ್ರೆ. ಕಾಲಿಲ್ದೋನು ಅಂತ ಇದ್ನ ಕೊಟ್ರು ಅಂತರೆ ಜನ. ಬಣ್ಣಾರೀಲಿ ಕುಂತಿರೋರ್ ಅನ್ನಕಿಲ್ವಾ? ಮಾದಪ್ಪ ಕ್ಲಚ್ ಬುಟ್ಟ, ಡ್ರೈವಿಂಗೂ ಬುಟ್ಟ ಅಂತರೆ."

ಇದು ಅವನ ನಿಜವಾದ ವಾದ. ಈವರೆಗೆ ತೊಟ್ಟಿಲು, ಅಜ್ಜಿ ಎಂದೆಲ್ಲ ಹೇಳುತ್ತಿದ್ದವನು ಇದನ್ನು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ. ಬಲವಾದ ವಾದ ಎಂದು ನಾನು ಒಪ್ಪುತ್ತೇನೆ. ಅಪ್ಪ ಮಂಡಿಯ ಮೇಲೆ ಕೈಯಿಟ್ಟುಕೊಂಡು ನನ್ನತ್ತ ನೋಡಿದ, ಈಗ ಏನು ಹೇಳುತ್ತೀಯ ಎಂಬಂತೆ.

ನಾನು ಹೋಗಿ ಅವನ ಎದುರಿಗೆ, ನೆಲದ ಮೇಲೆ ಕುಳಿತೆ. ವೇದಿಕೆಯ ದನಿಯನ್ನು ಬಿಟ್ಟು ಕೇಳಿದೆ:

"ಅಪ್ಪ, ನೀ ಇಷ್ಟು ವರ್ಸ ಓಡ್ಸಿದ್ದು ಲಾರೀನೋ, ಕ್ಲಚ್ಚನ್ನೋ?"